ಹೊಸ ವಿಡಿಯೊ ಫಾರ್ಮ್ಯಾಟ್‌ಗೆ ದುಡ್ಡು ಹಾಕಬೇಕಾ? ಮೊದಲು ಅಳತೆ ಟೇಪು ತೆಗೆದುಕೊಳ್ಳಿ

ಹತ್ತಿಪ್ಪತ್ತು ವರ್ಷಕ್ಕೊಂದು ಹೊಸ ವಿಡಿಯೊ ಫಾರ್ಮ್ಯಾಟ್ ಬರುತ್ತದೆ. ವಿಎಚ್‌ಎಸ್ ಕ್ಯಾಸೆಟ್ ಬಂತು, ಡಿವಿಡಿ ಬಂತು, ಬ್ಲೂ-ರೇ ಬಂತು, 2016ರಿಂದ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಇದೆ. ಪ್ರತಿ ಸಲವೂ ಮಾರುವವರು ಹೇಳುವುದು ಒಂದೇ, ಚಿತ್ರ ಎಷ್ಟು ಸ್ಪಷ್ಟ ನೋಡಿ ಅಂತ. ಪ್ರತಿ ಸಲವೂ ಮನೆಯಲ್ಲಿ ಯಾರಾದರೊಬ್ಬರು ಕೇಳುವುದೂ ಒಂದೇ, ಇರುವುದೇ ಚೆನ್ನಾಗಿದೆಯಲ್ಲ, ಮತ್ತೆ ಇದ್ಯಾಕೆ ಅಂತ.

ಹಾಗೆ ಕೇಳುವವರನ್ನು ಸುಮ್ನೆ ತಳ್ಳಿಹಾಕಬೇಡಿ. ಈ ವಿಷಯದಲ್ಲಿ ಅವರ ಅಂದಾಜು ಎಷ್ಟೋ ಸಲ ಸರಿಯಾಗಿದೆ. ಜನ ಹೊಸ ಫಾರ್ಮ್ಯಾಟ್‌ಗೆ ಹೋಗುತ್ತಾರಾ ಇಲ್ಲವಾ, ನೀವು ಹೋಗಬೇಕಾ ಬೇಡವಾ, ಇವೆರಡೂ ಬೇರೆ ಬೇರೆ ಪ್ರಶ್ನೆ. ಆದರೆ ಒಂದಕ್ಕೊಂದು ಅಂಟಿಕೊಂಡಿವೆ, ಯಾಕೆಂದರೆ ಜನ ಹೋಗದ ಫಾರ್ಮ್ಯಾಟ್‌ಗೆ ನೀವೊಬ್ಬರೇ ಹೋದರೆ ನಾಲ್ಕು ವರ್ಷದ ನಂತರ ಅದಕ್ಕೆ ಸಿನಿಮಾನೂ ಸಿಗುವುದಿಲ್ಲ, ಪ್ಲೇಯರ್ ಕೆಟ್ಟರೆ ಇನ್ನೊಂದೂ ಸಿಗುವುದಿಲ್ಲ. ಎರಡನ್ನೂ ಅಳೆಯುವುದು ಹೇಗೆ ಅಂತ ನೋಡೋಣ.

ಯಾವ ರಗಳೆ ತಪ್ಪುತ್ತದೆ ಅಂತ ಕೇಳಿ

ಇದೇ ಮುಖ್ಯ ಪ್ರಶ್ನೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸೋನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು. ಮರುವರ್ಷ ಜೆವಿಸಿ ವಿಎಚ್‌ಎಸ್ ತಂದಿತು. ಬೀಟಾಮ್ಯಾಕ್ಸ್ ಚಿತ್ರ ಒಂದು ಕೈ ಮೇಲು ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಇರಲಿ ಬಿಡಿ. ಆದರೆ ಶುರುವಿನ ಬೀಟಾಮ್ಯಾಕ್ಸ್ ಕ್ಯಾಸೆಟ್‌ನಲ್ಲಿ ಒಂದು ಗಂಟೆ ಮಾತ್ರ ರೆಕಾರ್ಡ್ ಆಗುತ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಟಿವಿಯಲ್ಲಿ ಬರುವ ಒಂದು ಸಿನಿಮಾ ಪೂರ್ತಿ ಹಿಡಿಯಬೇಕು ಅನ್ನುವವರಿಗೆ ಅಷ್ಟು ಸಾಕಲ್ವಾ? ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದು ಮೊದಲ ಪೆಟ್ಟು. 1988ರಲ್ಲಿ ಸೋನಿ ತಾನೇ ವಿಎಚ್‌ಎಸ್ ಯಂತ್ರ ಮಾಡಲು ಕೂತಿತು.

1978ರಲ್ಲಿ ಅಮೆರಿಕದಲ್ಲಿ ಲೇಸರ್‌ಡಿಸ್ಕ್ ಬಂತು. ಊಟದ ತಟ್ಟೆಯಷ್ಟು ಅಗಲ, 30 ಸೆಂಟಿಮೀಟರ್. ಚಿತ್ರ ವಿಎಚ್‌ಎಸ್‌ಗಿಂತ ಎಷ್ಟೋ ಪಾಲು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬದಿಗೆ ಹೆಚ್ಚೆಂದರೆ ಒಂದು ಗಂಟೆ. ಕಥೆ ಕಾವೇರುವ ಹೊತ್ತಿಗೆ ಎದ್ದು ಹೋಗಿ ಡಿಸ್ಕ್ ಮಗುಚಿ ಹಾಕಬೇಕು. ರೆಕಾರ್ಡ್ ಮಾಡುವ ಹಾಗೂ ಇಲ್ಲ. ಅಂದರೆ ಅದು ಇದ್ದ ರಗಳೆ ತಪ್ಪಿಸುವ ಬದಲು ಹೊಸದೊಂದು ತಂದಿತು. ಹುಚ್ಚು ಇದ್ದವರು ಕೊಂಡರು, ಉಳಿದವರು ಕ್ಯಾಸೆಟ್ ಬಾಡಿಗೆಗೆ ತಂದು ನೋಡಿಕೊಂಡು ಆರಾಮಾಗಿದ್ದರು. 1987ರಲ್ಲಿ ಬಂದ ಎಸ್-ವಿಎಚ್‌ಎಸ್‌ನ ಕಥೆಯೂ ಅಷ್ಟೇ. ಚಿತ್ರ ಚೆನ್ನಾಯಿತು, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇತ್ತು, ಯಾರೂ ತಿರುಗಿ ನೋಡಲಿಲ್ಲ.

ಇದಕ್ಕೆ ತದ್ವಿರುದ್ಧ ವಿಸಿಡಿ. 1993ರ ಆ ವಿಡಿಯೊ ಸಿಡಿಯ ಚಿತ್ರ 352 ಅಡ್ಡ 288 ಚುಕ್ಕಿ, ಅಂದರೆ ಪಿಕ್ಸೆಲ್. ಏನಾದರೂ ವೇಗವಾಗಿ ಓಡಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಒಂದು ಡಿಸ್ಕ್‌ನಲ್ಲಿ 74 ನಿಮಿಷ ಅಷ್ಟೇ. ಚಿತ್ರದ ಲೆಕ್ಕದಲ್ಲಿ ಹಿಗ್ಗುವಂಥದ್ದೇನೂ ಇರಲಿಲ್ಲ. ಆದರೂ ಏಷ್ಯಾದ ಹಲವು ದೇಶಗಳಲ್ಲಿ ಮನೆಮನೆಗೆ ಹೋಯಿತು. ಡಿಸ್ಕ್ ಅಗ್ಗ, ರೀವೈಂಡ್ ಇಲ್ಲ, ಟೇಪು ಯಂತ್ರಕ್ಕೆ ಸಿಕ್ಕಿಕೊಂಡು ಹೊರಗೆ ಬರುವ ಕಾಟ ಇಲ್ಲ. ಚಿತ್ರದ ಗುಣಮಟ್ಟವೇ ಎಲ್ಲ ಅನ್ನುವವರು ವಿಸಿಡಿಯನ್ನು ಮರೆತೇ ಮಾತಾಡುತ್ತಾರೆ.

ಡಿವಿಡಿಗೆ ಎಲ್ಲವೂ ಕೂಡಿ ಬಂತು. 1996ರ ಕೊನೆಗೆ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ. ರೀವೈಂಡ್ ಇಲ್ಲ, ಬೇಕಾದ ದೃಶ್ಯಕ್ಕೆ ನೇರ ಹಾರಬಹುದು, ಭಾಷೆ ಬದಲಾಯಿಸಬಹುದು, ಸಬ್‌ಟೈಟಲ್ ಹಾಕಬಹುದು ತೆಗೆಯಬಹುದು, ಎಷ್ಟು ಸಲ ನೋಡಿದರೂ ಸವೆಯುವುದಿಲ್ಲ, ಕಪಾಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಜಾಗ ಸಾಕು, ಮೇಲಾಗಿ ಇದ್ದ ಟಿವಿಗೇ ಹಾಕಿಕೊಳ್ಳಬಹುದು. ಚಿತ್ರವೂ ಚೆನ್ನಾಗಿತ್ತು ಅನ್ನುವುದು ಕೊನೆಗೆ ಬರುವ ಮಾತು. 2006ರ ಹೊತ್ತಿಗೆ ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ವಿಎಚ್‌ಎಸ್‌ನಲ್ಲಿ ಹೊಸ ಸಿನಿಮಾ ತರುವುದನ್ನೇ ಬಿಟ್ಟವು.

ಬ್ಲೂ-ರೇ ಬಂದಾಗ ಏನು ತಪ್ಪಿತು ಹೇಳಿ? ಅದೇ 12 ಸೆಂಟಿಮೀಟರ್ ಡಿಸ್ಕ್, ಅದೇ ಮೆನು, ಅದೇ ಬಾಕ್ಸು. ಮೊದಲ ಪ್ಲೇಯರ್‌ಗಳಲ್ಲಿ ಡಿಸ್ಕ್ ಹಾಕಿ ಸಿನಿಮಾ ಶುರುವಾಗುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದಿತ್ತು. ಅದಕ್ಕೇ ಡಿವಿಡಿ ಹಾಗೆ ಅದು ನುಗ್ಗಲಿಲ್ಲ, ನಿಧಾನಕ್ಕೆ ಸೇರಿಕೊಂಡಿತು. ಆಮೇಲೆ ಒಟಿಟಿ ಬಂತು. ಅಂಗಡಿಗೆ ಹೋಗುವುದು, ಡಿಸ್ಕ್ ಹುಡುಕುವುದು, ಎದ್ದು ಹಾಕುವುದು, ವಾಪಸ್ ಕೊಡುವುದು, ಎಲ್ಲ ರಗಳೆಯನ್ನೂ ಒಂದೇ ಏಟಿಗೆ ತೆಗೆದುಹಾಕಿತು. ಶುರುವಿನಲ್ಲಿ ಅದರ ಚಿತ್ರ ಡಿವಿಡಿಗಿಂತ ಕೆಟ್ಟದಾಗಿರುತ್ತಿತ್ತು. ಯಾರಿಗೂ ಬೇಜಾರಾಗಲಿಲ್ಲ.

ಹಾಗಾಗಿ ಮುಂದೆ ಯಾವ ಫಾರ್ಮ್ಯಾಟ್ ಬಂದರೂ ಒಂದು ಚೀಟಿ ತೆಗೆದುಕೊಂಡು, 'ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ' ಅನ್ನುವ ಎರಡನ್ನೂ ಬಿಟ್ಟು, ಬೇರೆ ಏನು ಸುಲಭವಾಗುತ್ತದೆ ಅಂತ ಬರೆಯಿರಿ. ಮೂರು ಸಾಲು ಬಂದರೆ ಜನ ಹೋಗುತ್ತಾರೆ. ಚೀಟಿ ಖಾಲಿ ಉಳಿದರೆ ಹೋಗುವುದಿಲ್ಲ. 4ಕೆ ಡಿಸ್ಕ್‌ನ ಚೀಟಿಯಲ್ಲಿ ನನಗೆ ಸಿಕ್ಕಿದ್ದು ಎರಡೇ: ಡಿವಿಡಿ, ಬ್ಲೂ-ರೇಗಳಿಗೆ ಇದ್ದ ಪ್ರಾಂತ್ಯದ ಬೀಗ ಇದಕ್ಕಿಲ್ಲ, ಯಾವ ದೇಶದಲ್ಲಿ ಕೊಂಡ ಡಿಸ್ಕ್ ಆದರೂ ಯಾವ ದೇಶದ ಪ್ಲೇಯರ್‌ನಲ್ಲೂ ಓಡುತ್ತದೆ. ಮತ್ತೆ ನೆಟ್ ಹೋದರೂ ಸಿನಿಮಾ ನಿಲ್ಲುವುದಿಲ್ಲ. ಇವೆರಡಕ್ಕಾಗಿ ಕೋಟ್ಯಂತರ ಮನೆಗಳು ಪ್ಲೇಯರ್ ಬದಲಾಯಿಸುತ್ತವೆ ಅಂತ ನನಗಂತೂ ಅನ್ನಿಸುವುದಿಲ್ಲ.

ಜನರ ಮಾತಾಯಿತು. ಇನ್ನು ನಿಮ್ಮದು.

ಅಳತೆ ಟೇಪು ಹಿಡಿಯಿರಿ

ನೀವು ದಿನಾ ಕೂರುವ ಜಾಗದಿಂದ ಟಿವಿ ಪರದೆವರೆಗೆ ಅಳೆಯಿರಿ. ಹೇಗೆ ಕೂರುತ್ತೀರೋ ಹಾಗೇ ಕೂತು, ಕಣ್ಣಿನಿಂದ ಅಳೆಯಿರಿ. ಸೋಫಾದ ಅಂಚಿನಿಂದ ಅಳೆದರೆ ಲೆಕ್ಕ ಒಂದಡಿಗೂ ಜಾಸ್ತಿ ತಪ್ಪಬಹುದು.

ಈಗ ಟಿವಿಯ ಇಂಚನ್ನು 4ರಿಂದ ಗುಣಿಸಿ. ಬಂದದ್ದು ಸೆಂಟಿಮೀಟರ್. 43 ಇಂಚಿನ ಟಿವಿಗೆ 172, 55ಕ್ಕೆ 220, 65ಕ್ಕೆ 260, 75ಕ್ಕೆ 300. ನೀವು ಅದಕ್ಕಿಂತ ದೂರ ಕೂರುತ್ತಿದ್ದರೆ ಬ್ಲೂ-ರೇಗೂ 4ಕೆಗೂ ಇರುವ ಚುಕ್ಕಿಗಳ ವ್ಯತ್ಯಾಸ ಸಾಧಾರಣ ದೃಷ್ಟಿಯವರ ಕಣ್ಣಿಗೆ ಬೀಳುವುದಿಲ್ಲ.

ಇದು ಎಲ್ಲಿಂದ ಬಂತು ಅಂದರೆ, ಒಳ್ಳೆಯ ದೃಷ್ಟಿ ಇರುವವರ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಚಿಕ್ಕದನ್ನು ಬೇರೆಬೇರೆಯಾಗಿ ನೋಡಬಲ್ಲದು. ಕಣ್ಣು ಪರೀಕ್ಷೆಯ ಬೋರ್ಡನ್ನು ಮಾಡಿರುವುದೂ ಇದೇ ಲೆಕ್ಕದ ಮೇಲೆ. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ. ಬ್ಲೂ-ರೇ ಚಿತ್ರದಲ್ಲಿ ಅಡ್ಡಕ್ಕೆ 1920 ಚುಕ್ಕಿ. ಭಾಗಿಸಿದರೆ ಒಂದು ಚುಕ್ಕಿ 0.63 ಮಿಲಿಮೀಟರ್. ಅಷ್ಟು ಚಿಕ್ಕ ಚುಕ್ಕಿ ಪಕ್ಕದ್ದರ ಜೊತೆ ಬೆರೆತು ಒಂದಾಗಿ ಕಾಣಲು ಶುರುವಾಗುವುದು 2.2 ಮೀಟರ್ ಆಸುಪಾಸಿನಲ್ಲಿ. ಅದರಾಚೆ ಆ ಒಂದು ಚುಕ್ಕಿಯನ್ನು ನಾಲ್ಕು ಮಾಡಿದರೂ, ಅಂದರೆ 4ಕೆ ಮಾಡಿದರೂ, ನೋಡುವವರಿಗೆ ಅದೇ ಚಿತ್ರ. 4ಕೆಯ ಪೂರ್ತಿ ವಿವರ ಕಾಣಬೇಕೆಂದರೆ ಇದರ ಅರ್ಧ ದೂರಕ್ಕೆ, 55 ಇಂಚಿಗೆ 1.1 ಮೀಟರ್‌ಗೆ, ಬಂದು ಕೂರಬೇಕು. ಮನೆಮಂದಿಯೆಲ್ಲ ಅಷ್ಟು ಹತ್ತಿರ ಕೂರುವುದು ಹೇಗೆ?

ಡಿವಿಡಿಯಿಂದ ಬ್ಲೂ-ರೇಗೆ ಹೋಗುವವರ ಲೆಕ್ಕ ಬೇರೆ. ಅವರು 7.5ರಿಂದ ಗುಣಿಸಲಿ. 55 ಇಂಚಿಗೆ 4 ಮೀಟರ್‌ಗಿಂತ ಜಾಸ್ತಿ ಬರುತ್ತದೆ. ಬಹಳಷ್ಟು ಮನೆಗಳಲ್ಲಿ ಅದಕ್ಕಿಂತ ಹತ್ತಿರವೇ ಕೂರುತ್ತಾರೆ, ಹಾಗಾಗಿ ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಇನ್ನೂ ಡಿವಿಡಿಯಲ್ಲೇ ಇರುವವರು 4ಕೆ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಬ್ಲೂ-ರೇ ನೋಡಿ ಅಂತ ನಾನು ಹೇಳುವುದು ಇದಕ್ಕೇ. 8ಕೆ ಅಂತ ಯಾರಾದರೂ ಬಂದರೆ 2ರಿಂದ ಗುಣಿಸಿ ತೋರಿಸಿ. 75 ಇಂಚಿನ ಟಿವಿಗೂ ಒಂದೂವರೆ ಮೀಟರ್ ಒಳಗೆ ಕೂರಬೇಕಾಗುತ್ತದೆ.

ಚುಕ್ಕಿ ಬಿಡಿ, ಬೆಳಕು ನೋಡಿ

ಹಾಗಾದರೆ 4ಕೆ ಡಿಸ್ಕ್ ಹಾಕಿದಾಗ ದೂರದಿಂದಲೂ ಏನೋ ಬೇರೆ ಥರ ಕಾಣುತ್ತದಲ್ಲ, ಅದೇನು? ಅದು ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್), ಅಂದರೆ ಬೆಳಕು ಕತ್ತಲೆಗಳ ನಡುವಿನ ಅಂತರವನ್ನು ಹೆಚ್ಚು ಮಾಡಿ ತೋರಿಸುವ ವಿಧಾನ. ಹಳೆಯ ವಿಡಿಯೊದಲ್ಲಿ ಅತಿ ಬೆಳ್ಳಗಿನ ಜಾಗವನ್ನು 100 ನಿಟ್ಸ್ ಪ್ರಖರತೆಗೆ ಅಂತ ಹೊಂದಿಸಿರುತ್ತಾರೆ. ಎಚ್‌ಡಿಆರ್‌ನಲ್ಲಿ ಸಾಮಾನ್ಯವಾಗಿ 1000ಕ್ಕೆ, ಕೆಲವು ಸಲ 4000ಕ್ಕೆ. ಬಣ್ಣದ ಮೆಟ್ಟಿಲುಗಳೂ ಜಾಸ್ತಿ: ಹಳೆಯ ಡಿಸ್ಕ್‌ಗಳ 8 ಬಿಟ್‌ನಲ್ಲಿ ಸುಮಾರು 1.67 ಕೋಟಿ ಬಣ್ಣ, ಎಚ್‌ಡಿಆರ್‌ನ 10 ಬಿಟ್‌ನಲ್ಲಿ 107 ಕೋಟಿ. ಸಂಜೆ ಆಕಾಶ ತೋರಿಸುವಾಗ ಹಳೆಯ ಡಿಸ್ಕ್‌ನಲ್ಲಿ ಪಟ್ಟೆ ಪಟ್ಟೆ ಕಾಣುತ್ತದಲ್ಲ, 10 ಬಿಟ್‌ನಲ್ಲಿ ಅದು ಬಹುಮಟ್ಟಿಗೆ ಹೋಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಅಗ್ಗದ 4ಕೆ ಟಿವಿಗಳ ಬಾಕ್ಸ್ ಮೇಲೂ ಎಚ್‌ಡಿಆರ್ ಅಂತ ಬರೆದಿರುತ್ತಾರೆ. ಅವು ಕೊಡುವ ಬೆಳಕು 250, 300 ನಿಟ್ಸ್. 1000ಕ್ಕೆ ಅಂತ ಮಾಡಿದ ಚಿತ್ರವನ್ನು ಅಷ್ಟರಲ್ಲಿ ತುರುಕಬೇಕು, ಆಗ ಟಿವಿ ಎಲ್ಲವನ್ನೂ ತಗ್ಗಿಸುತ್ತದೆ, ಚಿತ್ರ ಮಂಕಾಗುತ್ತದೆ. ಹಗಲು ಹೊತ್ತು ಕಿಟಕಿ ತೆರೆದಿದ್ದರೆ ಕತ್ತಲೆ ದೃಶ್ಯದಲ್ಲಿ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಅಂತಲೂ ಗೊತ್ತಾಗುವುದಿಲ್ಲ. ಅಂಥ ಟಿವಿಯಲ್ಲಿ ಮಾಮೂಲಿ ಬ್ಲೂ-ರೇಯೇ ಎಷ್ಟೋ ಸಲ ನೋಡಲು ಹಿತ. ಟಿವಿ ಇಂಥದ್ದಾಗಿದ್ದರೆ ಡಿಸ್ಕ್ ಪ್ಲೇಯರ್‌ಗೆ ಹಾಕುವ ದುಡ್ಡನ್ನು ಮುಂದಿನ ಟಿವಿಗೆ ಅಂತ ಎತ್ತಿಡಿ.

ಪರೀಕ್ಷೆ ಮಾಡುವುದಾದರೆ ಅಂಗಡಿಯಲ್ಲಿ ಮಾಡಬೇಡಿ. ಅಲ್ಲಿ ಟಿವಿಯನ್ನು ಶೋರೂಮ್‌ಗೆ ಅಂತಲೇ ಇರುವ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಓಡಿಸುವುದೂ ಹೂವು, ಗಿಳಿ, ರಾತ್ರಿ ಹೊತ್ತಿನ ಪಟ್ಟಣ. ಸಿನಿಮಾ ಹಾಗಿರುವುದಿಲ್ಲ. ಗೆಳೆಯರ ಮನೆಯಲ್ಲಿ ಪ್ಲೇಯರ್ ಇದ್ದರೆ ಒಂದೇ ಸಿನಿಮಾದ ಎರಡೂ ಡಿಸ್ಕ್ ಇಟ್ಟುಕೊಳ್ಳಿ. 4ಕೆ ಬಾಕ್ಸ್‌ನಲ್ಲಿ ಎಷ್ಟೋ ಸಲ ಬ್ಲೂ-ರೇಯನ್ನೂ ಹಾಕಿಯೇ ಕೊಡುತ್ತಾರೆ, ಹಾಗಾಗಿ ಇದು ಕಷ್ಟವಲ್ಲ. ಯಾವುದು ಓಡುತ್ತಿದೆ ಅಂತ ನಿಮಗೆ ಹೇಳದೆ ಅವರೇ ಬದಲಾಯಿಸಲಿ. ನೀವು ನೋಡಬೇಕಾದ್ದು ಮೂರು ಜಾಗ: ಕತ್ತಲ ಕೋಣೆಯಲ್ಲಿ ಒಂದು ದೀಪ ಉರಿಯುವ ದೃಶ್ಯ, ದೀಪದ ಒಳಗಿನ ಬಣ್ಣ ಕಾಣುತ್ತದಾ ಅಥವಾ ಬರೀ ಬಿಳಿ ಮಚ್ಚೆಯಾ; ಬೆಳಗಿನ ಮಂಜು ಅಥವಾ ಆಕಾಶ, ಪಟ್ಟೆ ಬರುತ್ತದಾ; ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖ, ಅದು ಪೂರ್ತಿ ಕಪ್ಪಾ ಅಥವಾ ಕಣ್ಣು ಮೂಗು ಕಾಣುತ್ತದಾ. ಸುಮಾರು ಸಲ ಬದಲಾಯಿಸಿದ ಮೇಲೂ ಯಾವುದು ಯಾವುದು ಅಂತ ಖಚಿತವಾಗಿ ಹೇಳಲು ಬರದಿದ್ದರೆ, ಒಳ್ಳೆಯದೇ ಆಯಿತು, ದುಡ್ಡು ಉಳಿಯಿತು.

ಸಿನಿಮಾನೇ 4ಕೆ ಅಲ್ಲದಿದ್ದರೆ?

ಬಾಕ್ಸ್ ಮೇಲೆ 4ಕೆ ಅಂತ ಇದ್ದ ಮಾತ್ರಕ್ಕೆ ಸಿನಿಮಾ 4ಕೆಯಲ್ಲಿ ತಯಾರಾಗಿದೆ ಅಂತಲ್ಲ. 2000ದ ನಂತರ ಎಡಿಟಿಂಗ್, ಗ್ರಾಫಿಕ್ಸ್, ಬಣ್ಣ ಎಲ್ಲ ಕಂಪ್ಯೂಟರಿಗೆ ಬಂದಾಗ ಬಹಳಷ್ಟು ಸಿನಿಮಾಗಳನ್ನು 2ಕೆಯಲ್ಲೇ ಮುಗಿಸಿದರು. ಅದು ಬ್ಲೂ-ರೇಗಿಂತ ಕೂದಲೆಳೆಯಷ್ಟು ಜಾಸ್ತಿ, ಅಷ್ಟೇ. ಗ್ರಾಫಿಕ್ಸ್ ತುಂಬಿದ ದೊಡ್ಡ ಸಿನಿಮಾಗಳಲ್ಲೇ ಇದು ಹೆಚ್ಚು, ಯಾಕೆಂದರೆ 4ಕೆಯಲ್ಲಿ ಗ್ರಾಫಿಕ್ಸ್ ಮಾಡಿದರೆ ನಾಲ್ಕು ಪಟ್ಟು ಚುಕ್ಕಿಗೆ ಲೆಕ್ಕ ಹಾಕಬೇಕು. ಅಂಥದ್ದನ್ನು ಆಮೇಲೆ ಹಿಗ್ಗಿಸಿ 4ಕೆ ಡಿಸ್ಕ್ ಮಾಡುತ್ತಾರೆ. ಎಚ್‌ಡಿಆರ್ ಲಾಭ ಸಿಗುತ್ತದೆ, ವಿವರದ ಲಾಭ ಇಲ್ಲ.

ತಮಾಷೆ ಅಂದರೆ ಹಳೆಯ ಸಿನಿಮಾಗಳೇ ಇಲ್ಲಿ ಗೆಲ್ಲುವುದು. 35 ಎಂಎಂ ಫಿಲ್ಮ್‌ನ ಮೂಲ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಅದರಲ್ಲಿ 4ಕೆ ಸ್ಕ್ಯಾನ್‌ಗೆ ಸಾಕಾಗುವಷ್ಟು ವಿವರ ಇರುತ್ತದೆ. 70 ಎಂಎಂನಲ್ಲಿ ತೆಗೆದದ್ದಾದರೆ ಇನ್ನೂ ಜಾಸ್ತಿ. ಹಾಗಾಗಿ 1960ರ ದಶಕದ ಸಿನಿಮಾದ 4ಕೆ ಡಿಸ್ಕ್ 2008ರ ಸಿನಿಮಾದ ಡಿಸ್ಕ್‌ಗಿಂತ ಚೆನ್ನಾಗಿ ಕಾಣುವುದುಂಟು. ಕೊಳ್ಳುವ ಮೊದಲು ಆ ಡಿಸ್ಕ್‌ನ ವಿಮರ್ಶೆ ಓದಿ, ಮೂಲ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿದ್ದಾ ಅಥವಾ 2ಕೆಯಿಂದ ಹಿಗ್ಗಿಸಿದ್ದಾ ನೋಡಿ. ಫಿಲ್ಮ್‌ನ ಸಣ್ಣ ಮರಳಿನಂಥ ಕಣಗಳನ್ನು ಉಜ್ಜಿ ತೆಗೆದು ಮುಖಗಳನ್ನು ಮೇಣ ಮಾಡಿದ್ದಾರೆ ಅಂತ ಯಾರಾದರೂ ಬೈದಿದ್ದರೆ ಆ ಡಿಸ್ಕ್ ಬಿಟ್ಟುಬಿಡಿ.

ಫಾರ್ಮ್ಯಾಟ್ ಬಾಳುತ್ತದಾ ಅಂತ ನೋಡುವುದು

ಒಂದೇ ಫಾರ್ಮ್ಯಾಟ್ ಇದೆಯಾ, ಎರಡು ಜಗಳ ಆಡುತ್ತಿವೆಯಾ? ಎರಡಿದ್ದರೆ ಕೈ ಕಟ್ಟಿ ಕೂರಿ. 2006ರಲ್ಲಿ ಎಚ್‌ಡಿ ಡಿವಿಡಿ, ಬ್ಲೂ-ರೇ ಎರಡೂ ಬಂದವು. ತೋಷಿಬಾ ಒಂದು ಕಡೆ, ಸೋನಿ ಇನ್ನೊಂದು ಕಡೆ. ಸ್ಟುಡಿಯೊಗಳೂ ಹಂಚಿಹೋದವು. 2008ರ ಜನವರಿಯಲ್ಲಿ ವಾರ್ನರ್ ಬ್ಲೂ-ರೇ ಮಾತ್ರ ಸಾಕು ಅಂತ ಹೇಳಿತು, ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಎರಡು ವರ್ಷ ಸುಮ್ಮನಿದ್ದವರಿಗೆ ಏನೂ ನಷ್ಟವಾಗಲಿಲ್ಲ, ಅವಸರ ಮಾಡಿದವರಲ್ಲಿ ಒಂದು ಗುಂಪು ಕೈ ಸುಟ್ಟುಕೊಂಡಿತು. ಅವಸರದವರಿಗೆ ಇನ್ನೂ ಕೆಟ್ಟ ಕಥೆ ಬೇಕೆಂದರೆ ಅಮೆರಿಕದ ಡಿವ್ಎಕ್ಸ್ ಇದೆ. 1998ರಲ್ಲಿ ಸರ್ಕಿಟ್ ಸಿಟಿ ಅನ್ನುವ ಅಂಗಡಿ ಸರಪಳಿ ತಂದದ್ದು. ಡಿಸ್ಕ್ ಕೊಂಡ ಮೇಲೂ ನೋಡಲು ಶುರು ಮಾಡಿದ 48 ಗಂಟೆಗೆ ಅದು ಮುಚ್ಚಿಕೊಳ್ಳುತ್ತಿತ್ತು, ಮತ್ತೆ ನೋಡಬೇಕೆಂದರೆ ಮತ್ತೆ ದುಡ್ಡು, ಪ್ಲೇಯರ್‌ಗೆ ಫೋನ್ ಲೈನ್ ಬೇರೆ. ಮರುವರ್ಷವೇ ಹಳ್ಳ ಹಿಡಿಯಿತು.

ಇನ್ನೊಂದು ಗುರುತು, ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದದ್ದು: ಅದು ಬೇರೆ ಯಾವುದೋ ವಸ್ತುವಿನ ಒಳಗೆ ಕೂತು ಮನೆಗೆ ಬರುತ್ತಿದೆಯಾ? 2000ದಲ್ಲಿ ಪ್ಲೇಸ್ಟೇಷನ್ 2 ಬಂದಾಗ ಗೇಮ್ ಆಡಲು ಕೊಂಡವರ ಮನೆಗೆ ಡಿವಿಡಿ ಪ್ಲೇಯರ್ ತಾನಾಗಿ ಬಂತು. 2006ರಲ್ಲಿ ಪ್ಲೇಸ್ಟೇಷನ್ 3 ಬ್ಲೂ-ರೇಯನ್ನು ಹಾಗೇ ಒಳಗೆ ಬಿಟ್ಟಿತು. ಆದರೆ ಮೈಕ್ರೊಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360ಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸಬೇಕಿತ್ತು. ಬೇರೆಯಾಗಿ ಕೊಳ್ಳಬೇಕು ಅಂದ ತಕ್ಷಣ ಜನ ಹಿಂದೆ ಸರಿಯುತ್ತಾರೆ. 4ಕೆ ಡಿಸ್ಕ್ ವಿಷಯದಲ್ಲಿ ಈ ಬಾಗಿಲು ಅರ್ಧ ಮಾತ್ರ ತೆರೆದಿದೆ. ಎಕ್ಸ್‌ಬಾಕ್ಸ್ ಒನ್ ಎಸ್ ಓಡಿಸುತ್ತಿತ್ತು, ಅದೇ ವರ್ಷದ ಪ್ಲೇಸ್ಟೇಷನ್ 4 ಪ್ರೊ ಓಡಿಸುತ್ತಿರಲಿಲ್ಲ. 2020ರ ಪ್ಲೇಸ್ಟೇಷನ್ 5 ಡಿಸ್ಕ್ ಇರುವುದು, ಇಲ್ಲದ್ದು ಅಂತ ಎರಡು ಬಗೆಯಲ್ಲಿ ಬಂತು. 2024ರ ಪ್ರೊ ಮಾದರಿಯಲ್ಲಿ ಡ್ರೈವ್ ಇಲ್ಲವೇ ಇಲ್ಲ, ಬೇಕಾದವರು ಬೇರೆಯಾಗಿ ಕೊಳ್ಳಬೇಕು.

ಹಳೆಯ ಡಿಸ್ಕ್‌ಗಳು ಹೊಸ ಪ್ಲೇಯರ್‌ನಲ್ಲಿ ಓಡುತ್ತವಾ ಅನ್ನುವುದು ಮೂರನೆಯದು. ಇಲ್ಲಿ 4ಕೆ ಪಾಸು. ಅದರ ಪ್ಲೇಯರ್‌ನಲ್ಲಿ ಬ್ಲೂ-ರೇ, ಡಿವಿಡಿ ಎರಡೂ ಓಡುತ್ತವೆ, ಕೂಡಿಟ್ಟದ್ದು ಯಾವುದೂ ಅಟ್ಟ ಸೇರಬೇಕಿಲ್ಲ. ಆದರೆ ಕಂಪನಿಗಳು ಒಂದೊಂದಾಗಿ ಹೊರಗೆ ಹೋಗುತ್ತಿವೆಯಾ ಅನ್ನುವುದರಲ್ಲಿ ಅದು ಫೇಲು. ಒಪ್ಪೊ 2018ರಲ್ಲಿ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಪ್ಲೇಯರ್ ತರುವುದಿಲ್ಲ ಅಂದಿತು. ನೆಟ್‌ಫ್ಲಿಕ್ಸ್ 1998ರಿಂದ ಅಂಚೆಯಲ್ಲಿ ಡಿಸ್ಕ್ ಕಳಿಸುತ್ತಿದ್ದದ್ದನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಬಾಡಿಗೆಗೆ ಸಿಗದ ಫಾರ್ಮ್ಯಾಟ್ ಸಾಮಾನ್ಯ ಜನರ ಫಾರ್ಮ್ಯಾಟ್ ಆಗುವುದು ಕಷ್ಟ, ಯಾಕೆಂದರೆ ಒಂದು ಸಲ ನೋಡಿ ಮರೆಯುವ ಸಿನಿಮಾನೇ ಜಾಸ್ತಿ ಅಲ್ವಾ? ಇದೆಲ್ಲ ಕೂಡಿಸಿದರೆ 4ಕೆ ಡಿಸ್ಕ್ ಸಾಯುವುದಿಲ್ಲ, ಎಲ್ಲರ ಮನೆಗೂ ಬರುವುದಿಲ್ಲ. ಲೇಸರ್‌ಡಿಸ್ಕ್ ಥರ, ಪ್ರೀತಿಸುವವರ ವಸ್ತುವಾಗಿ ಇರುತ್ತದೆ.

ನಿಜವಾದ ಎದುರಾಳಿ ಒಟಿಟಿ

4ಕೆ ಒಟಿಟಿಗೆ ನೆಟ್‌ಫ್ಲಿಕ್ಸ್ ಕೇಳುವ ವೇಗ 15 ಎಂಬಿಪಿಎಸ್. ಅಷ್ಟರಲ್ಲೇ ಎರಡು ಗಂಟೆ ಓಡಿಸಿದರೆ 13.5 ಜಿಬಿ. ಡಿಸ್ಕ್‌ನಲ್ಲಿ ಜಾಗ ಇರುವುದು 50, 66 ಅಥವಾ 100 ಜಿಬಿ, ವೇಗ 100 ಎಂಬಿಪಿಎಸ್ ದಾಟಬಹುದು. ವ್ಯತ್ಯಾಸ ಕಾಣುವುದು ಮಳೆ, ಹೊಗೆ, ನೀರು, ಕತ್ತಲೆ ಇರುವ ಕಡೆ. ಇಬ್ಬರು ಮೇಜಿನ ಆಚೆ ಈಚೆ ಕೂತು ಮಾತಾಡುವ ದೃಶ್ಯದಲ್ಲಿ ಕಾಣುವುದಿಲ್ಲ. ಸದ್ದಿನ ವ್ಯತ್ಯಾಸ ಇನ್ನೂ ದೊಡ್ಡದು. ಡಿಸ್ಕ್‌ನಲ್ಲಿ ಸದ್ದನ್ನು ಸಾಮಾನ್ಯವಾಗಿ ಏನೂ ಕಳೆಯದೆ ಇಟ್ಟಿರುತ್ತಾರೆ, ಒಟಿಟಿಯಲ್ಲಿ ಹಿಂಡಿರುತ್ತಾರೆ. ಆದರೆ ಟಿವಿಯ ಸ್ವಂತ ಸ್ಪೀಕರ್‌ನಲ್ಲೇ ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ.

ಡಿಸ್ಕ್ ಪರವಾಗಿ ನಾನು ಹೇಳುವ ದೊಡ್ಡ ಮಾತು ಚಿತ್ರದ್ದಲ್ಲ, ಒಡೆತನದ್ದು. ಆನ್‌ಲೈನ್‌ನಲ್ಲಿ 'ಕೊಳ್ಳಿ' ಅನ್ನುವ ಬಟನ್ ಒತ್ತಿದಾಗ ಸಿಗುವುದು ನೋಡುವ ಅನುಮತಿ ಮಾತ್ರ. 2023ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್‌ನಲ್ಲಿ ಡಿಸ್ಕವರಿ ಕಾರ್ಯಕ್ರಮಗಳನ್ನು ದುಡ್ಡು ಕೊಟ್ಟು ಕೊಂಡವರ ಲೈಬ್ರರಿಯಿಂದಲೇ ತೆಗೆಯುತ್ತೇವೆ ಅಂತ ಸೋನಿ ಹೇಳಿತ್ತು. ಗಲಾಟೆ ಆದ ಮೇಲೆ ಹಿಂದಕ್ಕೆ ಸರಿಯಿತು. ಆದರೆ ತೆಗೆಯಬಹುದು ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಮನೆಯಲ್ಲಿ ಮಕ್ಕಳು ನೂರು ಸಲ ನೋಡುವ ಸಿನಿಮಾ, ನೀವು ವರ್ಷಕ್ಕೊಮ್ಮೆ ನೋಡಲೇಬೇಕು ಅನ್ನುವ ಸಿನಿಮಾ, ಒಟಿಟಿಯಲ್ಲಿ ಬಂದು ಹೋಗಿ ಮಾಡುವ ಹಳೆಯ ಸಿನಿಮಾ, ಇಷ್ಟನ್ನು ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವುದು ಜಾಣತನ. ಅದು 4ಕೆಯೇ ಆಗಬೇಕಿಲ್ಲ. ಕಪಾಟಿನಲ್ಲಿರುವ ಡಿವಿಡಿಗಳನ್ನೆಲ್ಲ ಮತ್ತೊಮ್ಮೆ 4ಕೆಯಲ್ಲಿ ಕೊಳ್ಳುವುದು ಮಾತ್ರ ಬೇಡ. ಕಳೆದ ಎರಡು ವರ್ಷದಲ್ಲಿ ಒಮ್ಮೆಯೂ ಕೈಗೆತ್ತಿಕೊಳ್ಳದ ಡಿಸ್ಕ್‌ಗೆ ಹೊಸ ರೂಪ ಯಾಕೆ?

ಇಷ್ಟಾದ ಮೇಲೂ ಬೇಕು ಅಂದರೆ

ಅಳತೆ ಕೂಡಿಬಂತು, ಟಿವಿಗೆ ಬೆಳಕಿದೆ, ಕಣ್ಣಿಗೆ ವ್ಯತ್ಯಾಸ ಕಂಡಿತು. ಸರಿ, ಕೊಳ್ಳಿ. ಆದರೆ ಪ್ಲೇಯರ್ ತರುವ ಮೊದಲು ಟಿವಿಯ ಹಿಂದೆ ಬಗ್ಗಿ ನೋಡಿ. ಎಚ್‌ಡಿಎಂಐ ಪೋರ್ಟ್‌ಗಳಲ್ಲಿ ಎಚ್‌ಡಿಸಿಪಿ 2.2 ಅನ್ನುವ, ನಕಲು ತಡೆಯುವ ವ್ಯವಸ್ಥೆ ಇರಬೇಕು. ಶುರುವಿನ ಕೆಲವು 4ಕೆ ಟಿವಿಗಳಲ್ಲಿ ಅದು ಇರಲಿಲ್ಲ, ಇದ್ದರೂ ಒಂದೇ ಪೋರ್ಟ್‌ನಲ್ಲಿತ್ತು. ಅದು ಇಲ್ಲದಿದ್ದರೆ 4ಕೆ ಚಿತ್ರ ಬರುವುದಿಲ್ಲ. ಮಧ್ಯದಲ್ಲಿ ಸೌಂಡ್‌ಬಾರ್ ಅಥವಾ ಹೋಮ್ ಥಿಯೇಟರ್ ರಿಸೀವರ್ ಇದ್ದರೆ ಅದರಲ್ಲೂ ಇರಬೇಕು, ದಾರಿಯಲ್ಲಿ ಒಂದು ಹಳೆಯದಿದ್ದರೂ ಕೆಲಸ ಕೆಟ್ಟಿತು. ನಿಮ್ಮ ರಿಸೀವರ್ ಹಳೆಯದಾಗಿದ್ದರೆ ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರ್ ಹುಡುಕಿ: ಒಂದು ಟಿವಿಗೆ, ಇನ್ನೊಂದು ಸದ್ದಿಗೆ. ಕೇಬಲ್ 18 ಜಿಬಿಪಿಎಸ್‌ನದ್ದಿದ್ದರೆ ಸಾಕು. ಬಂಗಾರದ ಬಣ್ಣ ಬಳಿದ ದುಬಾರಿ ಕೇಬಲ್‌ನಿಂದ ಚಿತ್ರ ಚೂರೂ ಬದಲಾಗುವುದಿಲ್ಲ.

ಕಂಪ್ಯೂಟರ್‌ನಲ್ಲಿ ಓಡಿಸಿಕೊಳ್ಳುತ್ತೇನೆ ಅನ್ನುವ ಯೋಚನೆ ಇದ್ದರೆ ಬಿಡಿ. 4ಕೆ ಡಿಸ್ಕ್ ಓಡಿಸಲು ಬೇಕಾದ ಎಸ್‌ಜಿಎಕ್ಸ್ ಅನ್ನುವ ಭದ್ರತಾ ವ್ಯವಸ್ಥೆಯನ್ನು ಇಂಟೆಲ್ ತನ್ನ ಹೊಸ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಂದ ತೆಗೆದುಹಾಕಿದೆ.

ಪ್ಲೇಯರ್ ಜೋಡಿಸಿದ ಮೇಲೆ ಟಿವಿ ಸೆಟ್ಟಿಂಗ್‌ನಲ್ಲಿ ಆ ಪೋರ್ಟ್‌ನ ಪೂರ್ತಿ ಸಾಮರ್ಥ್ಯವನ್ನು ನೀವೇ ಆನ್ ಮಾಡಬೇಕಾಗಬಹುದು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಡೀಪ್ ಕಲರ್, ಇನ್‌ಪುಟ್ ಸಿಗ್ನಲ್ ಪ್ಲಸ್, ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್, ಹೀಗೆ. ಇದು ಆಫ್ ಆಗಿಯೇ ಉಳಿದರೆ ಎಚ್‌ಡಿಆರ್ ಬರದೇ ಹೋಗಬಹುದು. ಆಮೇಲೆ ಪಿಕ್ಚರ್ ಮೋಡ್ ಅನ್ನು ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ತಿರುಗಿಸಿ. ಓಡಾಟವನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಸಿನಿಮಾವನ್ನು ಧಾರಾವಾಹಿ ಥರ ಕಾಣಿಸುವುದು ಅದೇ, ಅದನ್ನು ಆಫ್ ಮಾಡಿ.

ಮೊದಲ ಡಿಸ್ಕ್ ಹಾಕಿದಾಗ ಟಿವಿ ರಿಮೋಟ್‌ನ ಇನ್ಫೊ ಬಟನ್ ಒತ್ತಿ. 3840 ಅಡ್ಡ 2160, ಜೊತೆಗೆ ಎಚ್‌ಡಿಆರ್ ಅಂತ ಕಾಣಬೇಕು. 1920 ಅಂತ ತೋರಿಸಿದರೆ ಬಾಕ್ಸ್‌ನಲ್ಲಿ ಜೊತೆಗೆ ಬಂದ ಬ್ಲೂ-ರೇಯನ್ನೇ ಹಾಕಿದ್ದೀರೇನೋ ನೋಡಿ, ಅದಲ್ಲದಿದ್ದರೆ ಪೋರ್ಟ್ ಬದಲಾಯಿಸಿ, ಆಮೇಲೆ ಕೇಬಲ್. ಚಿತ್ರ ನಡುವೆ ಗಕ್ಕನೆ ನಿಂತರೆ ಪ್ಲೇಯರನ್ನು ಬೈಯುವ ಮೊದಲು ಡಿಸ್ಕ್ ತೆಗೆದು ಬೆಳಕಿಗೆ ಹಿಡಿಯಿರಿ. 100 ಜಿಬಿ ಡಿಸ್ಕ್‌ನಲ್ಲಿ ಮೂರು ಪದರ ಇರುತ್ತದೆ, ಡಿವಿಡಿ ತಲೆ ಕೆಡಿಸಿಕೊಳ್ಳದ ಒಂದು ಬೆರಳಚ್ಚು ಇದಕ್ಕೆ ಸಾಕು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಬೇಡ. ಆಗಲೂ ಅದೇ ಜಾಗದಲ್ಲಿ ನಿಂತರೆ ಡಿಸ್ಕೇ ಸರಿಯಿಲ್ಲ, ಬಿಲ್ ಇಟ್ಟುಕೊಂಡಿದ್ದರೆ ಬದಲಾಯಿಸಿಕೊಳ್ಳಿ.